ನಡಾವಳಿ: ನಾರ್ವಿಚ್, ಫೆಬ್ರವರಿ ೧೭೦೯

ಹಾಜರಿದ್ದವರು ಒಂಬತ್ತು ಮಂದಿ.
ಶಾಯಿ ಹೆಪ್ಪುಗಟ್ಟಿತ್ತು. ದೌತಿಯನ್ನು
ಕಂಕುಳಲ್ಲಿ ಅವುಚಿ ಕರಗಿಸಿದೆ.
(ಇದು ನಡಾವಳಿಯಲ್ಲಿಲ್ಲ.)

ಡಾಕ್ಟರ್ ಸ್ಪರ್ಜಿನ್ ಚಳಿಗೆ ಕಾರಣ ಓದಿದರು:
ಗಾಳಿಯಲ್ಲಿ ಉಪ್ಪಿನ ಸೂಜಿಗಳಿವೆಯಂತೆ.
ಸುಳ್ಳು, ಎಂದರು ಪಾದ್ರಿ ಥರ್ಟಲ್.
ಮುಕ್ಕಾಲು ಗಂಟೆ ವಾದ. ಯಾರೂ ಕೈಗವಸು ತೆಗೆಯಲಿಲ್ಲ.
ಉಷ್ಣಮಾಪಕ ನೋಡಲು ಎದ್ದವರು
ಮೇಣದಬತ್ತಿ ಹಿಡಿದು ಬಗ್ಗಿದರು;
ಕೊಳವೆಯ ಕೆಂಪು ಸಾರಾಯಿ ಎರಡು ಗೆರೆ ಏರಿತು.
ಏರಿದ್ದನ್ನೇ ಬರೆದುಕೋ ಎಂದರು. ಬರೆದೆ.

ಆಮೇಲೆ ಕ್ರೋಮರಿನಿಂದ ಬಂದ ಕಾಗದ.
ಟ್ರಿಫೀನಾ ಗೆಡ್ಜ್, ಹಾಲು ಮಾರುವವಳು;
ಯಾರ ಕೈಲೋ ಬರೆಸಿದ್ದಾಳೆ.
ಹತ್ತೊಂಬತ್ತು ಬೆಳಗು,
ಮರದ ಬಾನಿಯ ಹಾಲಿನ ಮೇಲೆ
ಕೆನೆಗಿಂತ ಮೊದಲೇ ಕಟ್ಟಿದ ಮಂಜು
ಎಷ್ಟು ಬಾರ್ಲಿ ಕಾಳು ದಪ್ಪ, ಅದರ ಲೆಕ್ಕ.
ಹನ್ನೊಂದನೆಯ ದಿನದ ಎದುರು:
'ಅಳೆಯಲಿಲ್ಲ. ಮಗುವನ್ನು ಮಣ್ಣು ಮಾಡಬೇಕಿತ್ತು.
ಗುದ್ದಲಿ ನೆಲಕ್ಕಿಳಿಯಲಿಲ್ಲ.
ವಾಪಸ್ ತಂದೆವು.'

ಯಾರೋ ಕೆಮ್ಮಿದರು.
ಹಾಲಿಗೆ ನೀರು ಬೆರೆಸಿದ್ದಳೋ ಏನೋ,
ಅಳತೆ ನಂಬುವುದು ಹೇಗೆ, ಎಂದರು ಸ್ಪರ್ಜಿನ್.
'ಕಾಗದ ಓದಲಾಯಿತು. ವಂದನೆ ತಿಳಿಸಲು ಆದೇಶವಾಯಿತು.'
ಅಷ್ಟೇ ಬರೆಯಬೇಕಿತ್ತು.
ಬರೆದು, ಹನ್ನೊಂದನೆಯ ಸಾಲಿಗೆ
ಅಂಚಿನಲ್ಲೊಂದು ಚುಕ್ಕೆಯಿಟ್ಟೆ,
ಲೇಖನಿ ಜಾರಿತೆಂದುಕೊಳ್ಳಲಿ.

ಮುಂದಿನ ಸಭೆ ಗುರುವಾರ,
ಕಲ್ಲಿದ್ದಲು ಸಿಕ್ಕರೆ.