ಫಳಿ ಮ್ಯಾಲಿನ ಹೆಸರು

ಅಕ್ಕಲಕೋಟ ರೋಡಿನ ಪರ್ಮಿಟ್ ರೂಮು.
ಹೊರಗಿನ ಫಳಿ ಮ್ಯಾಲ, ಚಿಕನ್ ಹಂಡಿ ರೇಟಿನ ಕೆಳಗ
ಇವತ್ತ ನಮ್ಮ ಹೆಸರೂ ಅದ,
ಖಡುವಿನ್ಯಾಗ, ಮರಾಠಿ ಅಕ್ಷರದಾಗ, ತಪ್ಪಾಗಿ.
ರೇವಪ್ಪ ಅದರ ಮುಂದ ನಿಂತು ಎರಡು ಸಲ ಓದಿದ.

ಲಾಡ್ಲೇಸಾಬನ ಕೀಬೋರ್ಡಿನ್ಯಾಗ ಪಂಚಮ ಮಾತಾಡೂದಿಲ್ಲ.
ಅಲ್ಲಿಗೆ ಬಂದಾಗ ನಾನೇ ದನಿ ಏರಿಸಿ ತೂತು ಮುಚ್ಚತೀನಿ.
ಎಂಟು ವರ್ಷ ಹಿಂಗೇ ಮುಚ್ಚಕೋತ ಬಂದೇವಿ:
ಬಾಡಿಗಿ, ಫೀಸು, ಅವ್ವನ ಗುಳಿಗಿ.

ಹನ್ನೊಂದರ ಸುಮಾರಿಗೆ ಮೂಲಿ ಟೇಬಲ್ಲಿನಿಂದ
ಚಾದರ ಮಿಲ್ಲಿನ ಮುದುಕ ಒಬ್ಬ:
‘ಕನ್ನಡ ಬರ್ತದೇನ?’
ಬರ್ತದೇನಂತ!
ಅವ್ವ ಬೀಡಿ ಕಟ್ಟಕೋತ ಗುಣಗತಿದ್ದದ್ದು ತಗದ್ವಿ.
ವೇಟರ್ ಟ್ರೇ ಹಿಡಕೊಂಡೇ ನಿಂತ.
ಒಳಗ ಗ್ಲಾಸು ತೊಳಿಯೂ ಸಪ್ಪಳ ನಿಂತಿತು.
ಮುದುಕ ನೋಟು ಕೊಡಲಿಲ್ಲ,
ಗಡ್ಡ ಒರಸಿಕೊಂಡ,
ಮತ್ತೊಂದು ಕ್ವಾರ್ಟರ್ ಹೇಳಿದ.

ಮಾಲಕ ನೂರು ಮುರಕೊಂಡ, ‘ಮೈಕಿನ ಕರೆಂಟು’ ಅಂತ.
ಇರಲಿ.

ಎಸ್.ಟಿ. ಸ್ಟ್ಯಾಂಡಿನ ಮುಂದ ರಾತ್ರಿ ಒಂದಕ್ಕ
ಮೂರು ಮಂದಿ, ಎರಡು ಪ್ಲೇಟು ಮಿರ್ಚಿ ಭಜಿ.
ಲಾಡ್ಲೇಸಾಬ ರಾಜನಂಗ ಕಾಲಮ್ಯಾಲ ಕಾಲು ಹಾಕ್ಯಾನ.
ರೇವಪ್ಪ ಭಜಿ ಕಟ್ಟಿದ ಹಾಳಿ ಮ್ಯಾಲ
ಸಹಿ ಮಾಡೂದು ರೂಢಿ ಮಾಡಲಿಕ್ಕತ್ತಾನ.
ಎಣ್ಣಿ ತಾಗಿದಲ್ಲಿ ಪೆನ್ನು ಮೂಡವಲ್ದು.
ಹಾಳಿ ತಿರುವಿ
ಮತ್ತ ಬರೀತಾನ.