ಪಕ್ಕೆಲುಬಿನ ಮೇಲಂಚು

ಕೂರು, ಸೊಲೊಂಗೊ. ಒಲೆಗೆ ಇನ್ನೊಂದು ಬೆರಣಿ ಹಾಕು.
ಬರುವ ತಿಂಗಳಿಂದ ಈ ಚೀಲ ನಿನ್ನದು,
ಈ ಮೋಟಾರ್‌ಸೈಕಲ್ಲು, ಅದರ ಕೆಟ್ಟ ಬ್ರೇಕು,
ಎಂಬತ್ತು ಗುಡಾರಗಳ ಜ್ವರ, ಹೆರಿಗೆ, ಹಲ್ಲುನೋವು.
ಪುಸ್ತಕ ಓದಿದ್ದೀಯೆ. ಇದು ಲುವ್ಸಾನನ ಮಗನ ಎದೆ.

ಮಾರ್ಚಿ ತಿಂಗಳು. ಗಾಳಿಗೆ ಹಲ್ಲು ಬಂದಿತ್ತು.
ಪಳಗದ ಹೆಣ್ಗುದುರೆಯೊಂದು ಒದ್ದಿತ್ತು ಝೋರಿಗ್ಟನನ್ನು,
ಬಲಗಡೆ, ಕಂಕುಳಿಗೆ ಒಂದು ಗೇಣು ಕೆಳಗೆ.
ಎದ್ದು ನಡೆದನಂತೆ, ನಕ್ಕನಂತೆ,
ಚಹಾ ಅರ್ಧ ಕುಡಿದು ಬಟ್ಟಲು ಕೆಳಗಿಟ್ಟನಂತೆ.
ನಾನು ತಲುಪುವಾಗ ಮಂಚಕ್ಕೊರಗಿ ಕೂತಿದ್ದ,
ಒಂದು ಉಸಿರಿಗೆ ಒಂದೇ ಮಾತು ಹಿಡಿಸುತ್ತಿತ್ತು:
'ಅಪ್ಪ.' ಆಮೇಲೆ, 'ಬಾಗಿಲು.' ಆಮೇಲೆ, 'ತೆಗೆ.'

ಬಾಗಿಲು ತೆಗೆದೇ ಇತ್ತು.

ಮೊದಲು ನೋಡು, ಮುಟ್ಟಬೇಡ.
ಎಡ ಎದೆ ಏರುತ್ತಿತ್ತು, ಇಳಿಯುತ್ತಿತ್ತು;
ಬಲಗಡೆ ಉಬ್ಬಿ, ಮುನಿಸಿಕೊಂಡವರ ಹಾಗೆ ನಿಂತಲ್ಲೇ ನಿಂತಿತ್ತು.
ಕತ್ತಿನ ನರ ಹಗ್ಗದಷ್ಟು ದಪ್ಪ.
ಈಗ ಬೆರಳು. ಗಂಟಲ ಕುಳಿಯಲ್ಲಿ ತಡಕು:
ನಟ್ಟನಡುವೆ ಇರಬೇಕಾದ ಗಾಳಿಕೊಳವೆ
ಯಾರೋ ತಳ್ಳಿದಂತೆ ಎಡಕ್ಕೆ ಸರಿದಿತ್ತು.
ಎಡಕ್ಕೆ ತಟ್ಟಿದೆ: ಒಳಗೆ ಯಾರೋ ಇದ್ದಾರೆಂಬ ಸದ್ದು.
ಬಲಕ್ಕೆ ತಟ್ಟಿದೆ: ಢಂ, ಖಾಲಿ ಪೀಪಾಯಿ.
ಸ್ಟೆತೊಸ್ಕೋಪು ಇಟ್ಟರೆ ಏನೂ ಇಲ್ಲ,
ಹಿಮ ಬಿದ್ದ ಮಾರನೆಯ ಬೆಳಗಿನಂಥ ಏನೂ ಇಲ್ಲ.

ಶ್ವಾಸಕೋಶದ ಹೊರಗೆ, ಎದೆಗೂಡಿನ ಒಳಗೆ,
ಯಾರದೂ ಅಲ್ಲದ ಜಾಗದಲ್ಲಿ ಗಾಳಿ ಸೇರಿಕೊಂಡಿತ್ತು.
ಪ್ರತಿ ಉಸಿರಿಗೂ ಬರುತ್ತಿತ್ತು, ಹೋಗುತ್ತಿರಲಿಲ್ಲ,
ಹೃದಯವನ್ನೇ ಮೂಲೆಗೆ ಒತ್ತುತ್ತಿತ್ತು.
ಎಕ್ಸ್‌ರೇ ಯಂತ್ರ ನೂರಾಹತ್ತು ಕಿಲೋಮೀಟರು ಆಚೆ.
ಅದಕ್ಕೆ ಕಾಯಬೇಡ.
ನಾನು ಕಾದಿದ್ದೇನೆ, ಇಪ್ಪತ್ತಾರು ವರ್ಷದ ಹಿಂದೆ.
ಅವಳ ಹೆಸರು ಹೇಳುವುದಿಲ್ಲ, ಸತ್ತವರ ಹೆಸರು ಹೇಳಬಾರದು.
ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು.

ಉದ್ದನೆಯ ಸೂಜಿ ತೆಗೆದೆ. ಲುವ್ಸಾನ ನನ್ನ ಮಣಿಕಟ್ಟು ಹಿಡಿದ.
ಎಷ್ಟು ಕುರಿಗಳ ಎದೆ ಸೀಳಿದ್ದಾನೋ ಅವನು,
ನಾಲ್ಕು ಬೆರಳಗಲ, ಒಳಗೆ ಕೈಯಿಳಿಸಿ,
ಬೆನ್ನಿಗಂಟಿದ ದೊಡ್ಡ ನಾಳ ಚಿವುಟಿ,
ನೆತ್ತರು ಒಂದು ಹನಿ ನೆಲಕ್ಕೆ ತಾಕದಂತೆ.
'ಎದೆ ತೆರೆಯುವುದು ಯಾಕೆಂದು ನನಗೆ ಗೊತ್ತು' ಎಂದ.
'ಅರ್ಧ ಗೊತ್ತು' ಎಂದೆ.

ಕೊರಳೆಲುಬಿನ ನಡುವಿನಿಂದ ನೇರ ಕೆಳಗಿಳಿ,
ಎರಡನೆಯ ಪಕ್ಕೆಲುಬು ದಾಟು, ಮೂರನೆಯದರ ಮೇಲಂಚು.
ಮೇಲಂಚು, ಸೊಲೊಂಗೊ. ಕೆಳಂಚಿನಲ್ಲಿ ರಕ್ತನಾಳ ಇರುತ್ತದೆ,
ಗುಡ್ಡದ ಮರೆಯಲ್ಲಿ ತೋಳ ಮಲಗಿದ ಹಾಗೆ.
ನೆಟ್ಟಗೆ ಚುಚ್ಚು.

ಸ್ಸ್ಸ್ಸ್.

ಕತ್ತಿನ ನರ ಇಳಿಯಿತು. ತುಟಿ ನೀಲಿ ಬಿಟ್ಟಿತು.
ಹುಡುಗ ಒಂದೇ ಉಸಿರಿಗೆ ಐದು ಮಾತಾಡಿದ,
ಐದೂ ಕುದುರೆಗೆ ಬೈಗುಳ.

ಕೈಗವಸಿನ ಬೆರಳು ಕತ್ತರಿಸಿ, ತುದಿ ಸೀಳಿ, ಸೂಜಿಯ ತಲೆಗೆ ಕಟ್ಟಿದೆ.
ಹೊರಡುವ ಗಾಳಿಗೆ ದಾರಿ, ನುಗ್ಗುವ ಗಾಳಿಗೆ ಅಗುಳಿ.
ವ್ಯಾನಿನಲ್ಲಿ ಐದು ಗಂಟೆ ನನ್ನ ಕಣ್ಣು ಆ ರಬ್ಬರು ಬೆರಳಿನ ಮೇಲೆ.
ಎರಡು ಸಲ ಸೂಜಿ ಕಟ್ಟಿಕೊಂಡಿತು, ಎರಡು ಸಲ ಹೊಸದು ಹಾಕಿದೆ.

ಆಸ್ಪತ್ರೆಯಲ್ಲಿ ಪಕ್ಕೆಯೊಳಗೆ ಕೊಳವೆ ಇಳಿಸಿ
ಇನ್ನೊಂದು ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿದರು.
ಬಾಟಲಿಯ ಜಾಗ ನೆಲ. ಎದೆಗಿಂತ ಮೇಲೆತ್ತಬಾರದು,
ಕಸ ಗುಡಿಸುವವಳು ಎಷ್ಟೇ ಬೈದರೂ.
ಗುಳುಗುಳು, ಗುಳುಗುಳು.
ಲುವ್ಸಾನ ಕುಕ್ಕರಗಾಲಲ್ಲಿ ಕೂತು ಮೂರು ರಾತ್ರಿ ಗುಳ್ಳೆ ಎಣಿಸಿದ.
ನಾಲ್ಕನೆಯ ಬೆಳಗ್ಗೆ ಗುಳ್ಳೆ ನಿಂತಿತು,
ಮಗ ಹೋದನೆಂದು ವಾರ್ಡೆಲ್ಲ ಏಳುವಂತೆ ಕೂಗಿಕೊಂಡ.
ಮಗ ನಿದ್ದೆಯಲ್ಲಿದ್ದ. ಕೊಳವೆಯ ನೀರು
ಅವನ ಉಸಿರಿನೊಂದಿಗೆ ತುಸುವೇ ಏರಿ, ತುಸುವೇ ಇಳಿಯುತ್ತಿತ್ತು.

ಆ ವರ್ಷ ಚಳಿಗಾಲದ ಮಾಂಸಕ್ಕೆ ಕುರಿ ಕೊಯ್ಯುವಾಗ ನಾನೂ ಇದ್ದೆ.
ಲುವ್ಸಾನ ಎದೆ ಸೀಳಿ, ಕೈಯಿಳಿಸಿ, ಒಂದು ಗಳಿಗೆ ತಡೆದ.
ಆಮೇಲೆ ಮುಗಿಸಿದ. ಹೊಟ್ಟೆ ಕೇಳುತ್ತದೆಯೇ.
ಶ್ವಾಸಕೋಶ ತೊಳೆದು ನನ್ನ ಕೈಗಿಟ್ಟು 'ಊದು' ಎಂದ.
ಊದಿದೆ. ಅಂಗೈಯಷ್ಟಿದ್ದದ್ದು ಮಡಿಲು ತುಂಬಿತು. ಮಕ್ಕಳು ನಕ್ಕರು.

ಸರಿ, ಈಗ ನಿನ್ನ ಬೆರಳು ತಾ.
ನನ್ನ ಎದೆಯ ಮೇಲೆ ಎಣಿಸಿ ತೋರಿಸು.
ಅದು ನಾಲ್ಕನೆಯದು.
ಮತ್ತೆ ಎಣಿಸು.