ಮೀನಿನ ಕೆಳಬದಿ

ಚಟುವಟಿಕೆ: ಮೀನು. ವಯಸ್ಸು: ನಾಲ್ಕು. ಅವಧಿ: ನಲವತ್ತು ನಿಮಿಷ.
ಇಷ್ಟು ಬರೆದುಕೊಂಡು ಬೆಳಿಗ್ಗೆ ತರಗತಿಗೆ ಹೋಗಿದ್ದೆ.
ಫಲಿತಾಂಶ ಎಂಬ ಖಾನೆ ಸಂಜೆಯಾದರೂ ಖಾಲಿ.
ಈಗ ಬಸ್ಸಿನಲ್ಲಿ, ಮೊಣಕಾಲ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದೇನೆ.
ಅಕ್ಷರ ಕುಣಿದರೆ ಅದು ತಾಲ್ಕವಾನೊ ರಸ್ತೆಗಳ ತಪ್ಪು.

ನಿನ್ನೆ ರಾತ್ರಿ ರಟ್ಟಿನಲ್ಲಿ ಹದಿನೆಂಟು ಮೀನು ಕತ್ತರಿಸಿದ್ದೆ,
ಒಂದೇ ಅಚ್ಚು, ಒಂದೇ ಬಾಲ,
ಕಣ್ಣಿಗೆಂದು ಹದಿನೆಂಟು ಕಪ್ಪು ಗುಂಡಿ, ಡಬ್ಬಿಯಲ್ಲಿ ಎಣಿಸಿಟ್ಟು.
ಓರಿಯಾನಾ ಮೇಡಂ ನೋಡಿದರು. ಬೈಯಲಿಲ್ಲ.
"ಮೀನನ್ನೆಲ್ಲ ನೀನೇ ಹಿಡಿದುಬಿಟ್ಟೆಯಲ್ಲ" ಎಂದರು,
"ಮಕ್ಕಳು ಇನ್ನೇನು ಮಾಡಬೇಕು?"

ಸರಿ, ರಟ್ಟು ಬದಿಗಿಟ್ಟೆ. ಬಿಳಿ ಹಾಳೆ ಹಂಚಿದೆ,
ಬಣ್ಣದ ಬಟ್ಟಲು ಹಂಚಿದೆ. ಆಮೇಲೆ
ನನ್ನ ಕೈಗೆ ಕೆಲಸವೇ ಇರಲಿಲ್ಲ.
ಯಾವ ಪರೀಕ್ಷೆಗೂ ಕೇಳದ ಪಾಠ ಅದು,
ಕೈಕಟ್ಟಿ ನಿಲ್ಲುವುದು;
ನೀಲಿಯ ಬಟ್ಟಲಿಗೆ ಕೆಂಪು ಕುಂಚ ಇಳಿಯುವಾಗ
ಬೇಡ ಎಂಬ ಮಾತನ್ನು ಹಲ್ಲಿನ ಹಿಂದೆ ಹಿಡಿದಿಡುವುದು.

ಎಲಿಯೆಲ್ ಹಾಳೆ ಮುಟ್ಟಲೇ ಇಲ್ಲ.
ಮೊಣಕೈವರೆಗೆ ಹಸಿರು ಬಳಿದುಕೊಂಡ,
ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು
ಬಣ್ಣ ಒಣಗುತ್ತ ಚರ್ಮ ಬಿಗಿಯುವುದನ್ನು
ಡಾಕ್ಟರ ಗಾಂಭೀರ್ಯದಲ್ಲಿ ಪರೀಕ್ಷಿಸಿದ.
ಫಲಿತಾಂಶ: ಒಂದು ತೋಳು. ಖಾನೆಯಲ್ಲಿ ಹೇಗೆ ಬರೆಯಲಿ?
ರಫಾಯೆಲಾ ಒಂದೇ ಜಾಗದಲ್ಲಿ ಕುಂಚ ತಿಕ್ಕಿ ತಿಕ್ಕಿ
ಹಾಳೆಗೆ ತೂತು ಮಾಡಿದಳು. ಅದರೊಳಗಿಂದ ಇಣುಕಿ,
"ತೀಯಾ, ನೀನು ನೀರಿನೊಳಗೆ ಇದ್ದೀಯ" ಎಂದಳು.
ತೀಯಾ ಅಂದರೆ ಚಿಕ್ಕಮ್ಮ. ನನ್ನ ಹೆಸರು ಕೇಳುವ ಮೊದಲೇ
ಕೊಟ್ಟುಬಿಟ್ಟ ನೆಂಟಸ್ತಿಕೆ.

ಮೀನು ಬರೆದವಳು ಮಿಯಾರಾಯ್ ಒಬ್ಬಳೇ.
ಅಗಲ, ಚಪ್ಪಟೆ. ಬಿಳಿಯ ಮೇಲೆ
ಬಿಳಿಯನ್ನೇ ಕೇಳಿ ಪಡೆದು ಬಳಿದಳು.
ಕಣ್ಣಿಲ್ಲ.

ಇದನ್ನು ಬರೆಯದೆ ಬಿಡಬಹುದಿತ್ತು:
ಊಟವಾಗಿ ಎಲ್ಲರೂ ಮಲಗಿದ್ದಾಗ
ಡಬ್ಬಿಯಿಂದ ಒಂದು ಗುಂಡಿ ತೆಗೆದು
ಅವಳ ಮೀನಿಗೆ ಅಂಟಿಸಿದೆ.
ಸಂಜೆ ತಾಯಿ ಬರುತ್ತಾಳೆ, ಏನೆಂದುಕೊಂಡಾಳು ಅಂತ.
ನಿಜ ಹೇಳಬೇಕೆಂದರೆ ತಾಯಿಗಲ್ಲ. ನನಗೆ
ಆ ಬಿಳುಪನ್ನು ಸುಮ್ಮನೆ ನೋಡುತ್ತ ಕೂರಲಾಗಲಿಲ್ಲ.

ಎದ್ದು ಬಂದವಳು ನೋಡಿದಳು. ಅಳಲಿಲ್ಲ.
ಉಗುರಿನಿಂದ ಗುಂಡಿ ಎಬ್ಬಿಸಿ ನನ್ನ ಅಂಗೈಗೆ ಹಾಕಿದಳು,
ಅಂಗಡಿಯವನು ಚಿಲ್ಲರೆ ವಾಪಸು ಕೊಡುವ ಹಾಗೆ.
"ಇದು ನಾಲಿಗೆಮೀನು ತೀಯಾ. ಇದು ಅದರ ಕೆಳಗಡೆ.
ಕೆಳಗಡೆ ಕಣ್ಣು ಇರಲ್ಲ."
ಹಾಳೆ ತಿರುಗಿಸಿದಳು.
ಮರಳಿನ ಬಣ್ಣ, ಮೈತುಂಬ ಚುಕ್ಕೆ,
ಒಂದರ ಪಕ್ಕ ಒಂದು, ಓರೆಯಾಗಿ, ಎರಡು ಕಣ್ಣು.
ಯಾವಾಗ ಬರೆದಳೋ, ನಾನಾಗ
ಹಸಿರು ತೋಳು ನೋಡುತ್ತ ನಿಂತಿದ್ದಿರಬೇಕು.

ಅವಳಪ್ಪ ತೂಂಬೆಸ್ ಕಡೆ ಬಲೆ ಬಿಡುತ್ತಾನೆ.
ನಾನೂ ಈ ಬಂದರಿನವಳೇ,
ಮೀನುಪುಡಿ ಕಾರ್ಖಾನೆಯ ವಾಸನೆಯಲ್ಲೇ ಅಕ್ಷರ ಕಲಿತವಳು.
ನಾಲಿಗೆಮೀನನ್ನು ಎಷ್ಟು ಸಲ ತಿಂದಿಲ್ಲ,
ನಿಂಬೆ ಹಿಂಡಿ, ಬೆಣ್ಣೆಯಲ್ಲಿ ಹುರಿದು.
ತಿರುಗಿಸಿ ನೋಡಿರಲಿಲ್ಲ.

ಗೋಡೆಗೆ ಅಂಟಿಸಿದರೆ ಒಂದು ಬದಿ ಉಸಿರುಗಟ್ಟುತ್ತದೆ.
ಬಾಗಿಲ ಬಳಿ ದಾರ ಕಟ್ಟಿ, ಒಂದೇ ಕ್ಲಿಪ್ಪಿಗೆ ತೂಗುಹಾಕಿದೆವು.
ಗಂಟು ನಾನು ಹಾಕಿದೆ; ಅಷ್ಟು ಕೆಲಸ ಸಿಕ್ಕಿತು ಕೈಗೆ.
ತಾಯಿ ಒಳಬಂದಾಗ ಗಾಳಿ ಬಿಳಿಯ ಬದಿಯನ್ನೇ ತೋರಿಸಿತು.
"ಖಾಲಿ ಹಾಳೆ ಯಾಕೆ ನೇತುಹಾಕಿದ್ದೀರಿ?"
ಮಿಯಾರಾಯ್ ನನ್ನ ಮುಖ ನೋಡಿದಳು.
ಮಾತು ಹಲ್ಲಿನವರೆಗೆ ಬಂದಿತ್ತು.
ಮೂವರೂ ನಿಂತೆವು, ಇನ್ನೊಂದು ಗಾಳಿಗೆ ಕಾಯುತ್ತ.

ಮುಂದಿನದು ನನ್ನ ಸ್ಟಾಪು.
ಕಿಸೆಯಲ್ಲಿ ಆ ಗುಂಡಿ;
ಅಂಟು ಇನ್ನೂ ಬೆರಳಿಗೆ ಹತ್ತುತ್ತಿದೆ.